ಬೀದರ್‌ನಿಂದ ಸಮರ್ಕಂದ್‌ಗೆ: ಏಜೆಂಟರಿಲ್ಲದ ಒಂದು ಪ್ರವಾಸ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಭಾಷಣದ ಬರಹ ರೂಪ)



ನನಗೆ ವಹಿಸಿಕೊಟ್ಟ ವಿಷಯ ‘ವಿದೇಶ ಪ್ರವಾಸದ ಅನುಭವಗಳು’. ಈ ವಿಷಯದ ಮೇಲೆ ಮಾತನಾಡಲು ನನಗಿಂತ ಅರ್ಹರಾದವರು ಈ ಸಭಾಂಗಣದಲ್ಲೇ ಅನೇಕರಿದ್ದಾರೆ. ಜಿದ್ದಾ, ದಮ್ಮಾಮ್, ದುಬೈಗಳಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ಹಿರಿಯರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ನಾನು ನೋಡಿದ್ದು ಒಂದೇ ದೇಶ, ಅಲ್ಲಿದ್ದದ್ದು ಎಂಟೇ ರಾತ್ರಿ. ಆದರೂ ಕಾರ್ಯದರ್ಶಿಗಳು ನನ್ನನ್ನು ಕರೆದದ್ದಕ್ಕೆ ಒಂದು ಕಾರಣವಿದೆ. 2023ರ ದಸರಾ ರಜೆಯಲ್ಲಿ ನಾನು ಮತ್ತು ನನ್ನ ತಾಯಿ ಯಾವ ಏಜೆಂಟರ ನೆರವೂ ಇಲ್ಲದೆ, ಯಾವ ಪ್ರವಾಸಿ ತಂಡಕ್ಕೂ ಸೇರದೆ, ಉಜ್ಬೇಕಿಸ್ತಾನಕ್ಕೆ ಹೋಗಿ ತಾಷ್ಕೆಂಟ್, ಸಮರ್ಕಂದ್, ಬುಖಾರಾ ನೋಡಿಕೊಂಡು ಬಂದೆವು. ಅರ್ಜಿ ತುಂಬಿದ್ದು ನಾವೇ, ಟಿಕೆಟ್ ತೆಗೆದಿದ್ದು ನಾವೇ. ಒಬ್ಬ ಪ್ರೌಢಶಾಲಾ ಶಿಕ್ಷಕ ಮತ್ತು ನಾಲ್ಕನೇ ತರಗತಿವರೆಗೆ ಉರ್ದು ಓದಿದ 61 ವರ್ಷದ ತಾಯಿ ಇಷ್ಟನ್ನು ಮಾಡಬಹುದಾದರೆ ಉಳಿದವರಿಗೂ ಆದೀತು ಎಂದು ಅವರಿಗೆ ಅನ್ನಿಸಿರಬೇಕು.

ಸಮರ್ಕಂದೇ ಏಕೆ ಎಂದು ಬಹಳ ಜನ ಕೇಳಿದರು. ನಾನು ಹುಟ್ಟಿ ಬೆಳೆದದ್ದು ಬೀದರ್‌ನಲ್ಲಿ. ಮಹಮೂದ್ ಗಾವಾನರ ಮದ್ರಸಾದ ನೆರಳಿನಲ್ಲಿ ಆಡಿದವರು ನಾವು. ಇರಾನಿನ ಗೀಲಾನ್‌ನಿಂದ ಬಂದು ಬಹಮನಿ ರಾಜ್ಯದ ವಜೀರರಾದ ಗಾವಾನರು 1472ರಲ್ಲಿ ಅದನ್ನು ಕಟ್ಟಿಸಿದರು. ಮೂರು ಅಂತಸ್ತು, ಓದುವ ಕೋಣೆಗಳು, ಗ್ರಂಥಾಲಯ, ಹೊರಗೋಡೆಗೆ ಬಣ್ಣದ ಹೆಂಚಿನ ಚಿತ್ತಾರ. ಈ ಶೈಲಿ ದಖ್ಖನಿನಲ್ಲಿ ಹುಟ್ಟಿದ್ದಲ್ಲ. ಸಮರ್ಕಂದ್ ಮತ್ತು ಖುರಾಸಾನದ ಮದ್ರಸಾಗಳಿಂದ ಬಂದದ್ದು ಎಂದು ಇತಿಹಾಸದ ಪಾಠದಲ್ಲಿ ಮಕ್ಕಳಿಗೆ ಹೇಳುತ್ತೇವೆ. ಹತ್ತು ವರ್ಷ ಹೇಳಿದ ಮೇಲೆ, ಆ ಮೂಲವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಆಸೆ ಹುಟ್ಟಿತು. ಇಷ್ಟೇ ಕಾರಣ.

ಹಣದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಭಾಷಣ ಮುಗಿದ ಮೇಲೆ ಎಲ್ಲರೂ ಗುಟ್ಟಾಗಿ ಕೇಳುವುದು ಅದನ್ನೇ. ಮೂರು ವರ್ಷ, ತಿಂಗಳಿಗೆ 3,500 ರೂಪಾಯಿಯಂತೆ ಬೇರೆ ಖಾತೆಯಲ್ಲಿ ಕೂಡಿಟ್ಟೆ. ಇಬ್ಬರಿಗೂ ಸೇರಿ ಹೈದರಾಬಾದಿನಿಂದ ದೆಹಲಿ ಮಾರ್ಗವಾಗಿ ಹೋಗಿ ಬರುವ ವಿಮಾನಕ್ಕೆ 78,000, ಎಂಟು ರಾತ್ರಿಯ ವಸತಿಗೆ 20,000, ಅಲ್ಲಿನ ರೈಲುಗಳಿಗೆ 8,000, ಊಟ ತಿರುಗಾಟಕ್ಕೆ 15,000, ವೀಸಾಕ್ಕೆ 3,300, ಪ್ರವಾಸ ವಿಮೆಗೆ 2,200. ಒಟ್ಟು 1,26,500 ರೂಪಾಯಿ. ನಮ್ಮ ಕಡೆ ಒಂದು ಮದುವೆಯ ಶಾಮಿಯಾನ ಮತ್ತು ಬಿರಿಯಾನಿಗೆ ಇದಕ್ಕಿಂತ ಹೆಚ್ಚು ಹೋಗುತ್ತದೆ. ಒಬ್ಬ ಏಜೆಂಟರು ಇದೇ ಪ್ರವಾಸಕ್ಕೆ ತಲೆಗೆ 95,000 ಹೇಳಿದ್ದರು. ಅವರು ಹೇಳಿದ್ದರಲ್ಲಿ ಸಮರ್ಕಂದಿಗೆ ಒಂದೇ ದಿನ ಇತ್ತು, ಬುಖಾರಾ ಇರಲೇ ಇಲ್ಲ.

ಇನ್ನು ಕಾಗದಪತ್ರ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ವಿಮಾನ ಹತ್ತುವುದು ಕಷ್ಟವಲ್ಲ. ವಿಮಾನದ ಮೆಟ್ಟಿಲವರೆಗೆ ನಮ್ಮ ಹೆಸರನ್ನು ಸರಿಯಾಗಿ ಒಯ್ಯುವುದೇ ಕಷ್ಟ. ನನ್ನ ತಾಯಿಯ ಹೆಸರು ಮತದಾರರ ಚೀಟಿಯಲ್ಲಿ ‘ಬೀ’ ಎಂದು ಮುಗಿಯುತ್ತಿತ್ತು, ಆಧಾರದಲ್ಲಿ ‘ಬೇಗಂ’ ಎಂದು, ಬ್ಯಾಂಕ್ ಪುಸ್ತಕದಲ್ಲಿ ತಂದೆಯವರ ಹೆಸರಿನೊಂದಿಗೆ. ಆಧಾರದಲ್ಲಿ ಹುಟ್ಟಿದ ವರ್ಷ ಮಾತ್ರ ಇತ್ತು, ದಿನಾಂಕ ಇರಲಿಲ್ಲ. ಅವರು ಓದಿದ ಉರ್ದು ಶಾಲೆಯ ಹಳೆಯ ದಾಖಲಾತಿ ಪುಸ್ತಕದಿಂದ ಪ್ರಮಾಣಪತ್ರ ಪಡೆದು, ಮೊದಲು ಆಧಾರ ತಿದ್ದಿಸಿ, ನಂತರ ಫಾರಂ 8 ಕೊಟ್ಟು ಮತದಾರರ ಪಟ್ಟಿ ತಿದ್ದಿಸಿ, ಆಮೇಲೆ ಬ್ಯಾಂಕ್. ಐದು ತಿಂಗಳು ಹಿಡಿಯಿತು. ಪಾಸ್‌ಪೋರ್ಟ್ ಬರಲು ಅದರ ಅರ್ಧ ಕಾಲವೂ ಬೇಕಾಗಲಿಲ್ಲ. ಸಾಮಾನ್ಯ ಅರ್ಜಿಗೆ ಶುಲ್ಕ 1,500 ರೂಪಾಯಿ, ವಯಸ್ಕರಿಗೆ ಹತ್ತು ವರ್ಷದ ಅವಧಿ. ಸೇವಾ ಕೇಂದ್ರದಲ್ಲಿ ಅಮ್ಮ ಉರ್ದುವಿನಲ್ಲಿ ಸಹಿ ಮಾಡಿದರು. ಯಾರೂ ತಕರಾರು ಮಾಡಲಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ಸಮಸ್ಯೆ ಉಂಟು. ಅನೇಕರಿಗೆ ಒಂದೇ ಹೆಸರು, ಮನೆತನದ ಹೆಸರಿಲ್ಲ. ಅರ್ಜಿಯಲ್ಲಿ ಹೆಸರು, ಉಪನಾಮ ಎಂದು ಎರಡು ಚೌಕಗಳಿರುತ್ತವೆ. ಎಲ್ಲವನ್ನೂ ಒಂದೇ ಚೌಕದಲ್ಲಿ ತುಂಬಿ ಇನ್ನೊಂದನ್ನು ಖಾಲಿ ಬಿಡುವವರು ಬಹಳ. 2022ರ ನವೆಂಬರ್‌ನಲ್ಲಿ ಯುಎಇ ದೇಶವು ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾ ಕೊಡುವುದಿಲ್ಲವೆಂದು ನಿಯಮ ಮಾಡಿತು; ತಂದೆಯ ಅಥವಾ ಮನೆತನದ ಹೆಸರು ಎರಡನೇ ಪುಟದಲ್ಲಿದ್ದರೆ ಒಪ್ಪುತ್ತೇವೆ ಎಂದು ನಂತರ ತಿಳಿಸಿತು. ಹಾಗಾಗಿ ಎರಡೂ ಚೌಕಗಳನ್ನು ಯೋಚಿಸಿ ತುಂಬಿರಿ. ಮನೆಯಲ್ಲಿ ಹಸುಗೂಸು ಇರುವವರಿಗೆ ಇನ್ನೊಂದು ಮಾತು: 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದ ಮಕ್ಕಳ ಪಾಸ್‌ಪೋರ್ಟ್‌ಗೆ ಜನ್ಮದಿನದ ಆಧಾರವಾಗಿ ಜನನ ಪ್ರಮಾಣಪತ್ರ ಒಂದನ್ನೇ ಒಪ್ಪುತ್ತಾರೆ. ಆ ಪತ್ರದಲ್ಲಿ ಬಿದ್ದ ಹೆಸರೇ ಮಗುವಿನ ಜೊತೆ ಕೊನೆಯವರೆಗೂ ನಡೆಯುತ್ತದೆ. ಆಸ್ಪತ್ರೆಯ ಗುಮಾಸ್ತರ ಕಿವಿಗೆ ಬಿದ್ದಂತೆ ಬರೆಯಲು ಬಿಡಬೇಡಿ.

ಎಸ್ಸೆಸ್ಸೆಲ್ಸಿಯಲ್ಲಿ ಓದುತ್ತಿರುವ ಹುಡುಗರು ಹಿಂದಿನ ಬೆಂಚಿನಲ್ಲಿ ಕಾಣುತ್ತಿದ್ದಾರೆ. ಪರೀಕ್ಷೆ ಬಿಟ್ಟು ಗ್ಯಾರೇಜಿಗೆ ಸೇರುವ ಯೋಚನೆ ಇದ್ದವರು ಇದನ್ನು ಕೇಳಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತದೆ. ಅಂದರೆ ಸೌದಿ ಅರೇಬಿಯಾ, ಕುವೈತ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಪಾಸಾದವರಿಗೆ ಅದು ಬೇಡ. 50 ವರ್ಷ ದಾಟಿದವರಿಗೂ ಬೇಡ, ಆದ್ದರಿಂದ ನನ್ನ ತಾಯಿಗೆ ಆ ತೊಡಕು ಬರಲಿಲ್ಲ. ಆ ಒಂದು ಅಂಕಪಟ್ಟಿಗೆ ವಿಮಾನ ನಿಲ್ದಾಣದಲ್ಲಿ ಇಷ್ಟು ಬೆಲೆ ಇದೆ ಎಂದು ಶಾಲೆಯಲ್ಲಿ ನಾವು ಹೇಳುವುದೇ ಇಲ್ಲ.

ವೀಸಾದ ಕಥೆ ಚಿಕ್ಕದು. ಉಜ್ಬೇಕಿಸ್ತಾನ 2018ರಿಂದ ಭಾರತೀಯರಿಗೆ ಇ-ವೀಸಾ ಕೊಡುತ್ತಿದೆ. ನಾವು ಹೋದಾಗ ಒಂದು ಪ್ರವೇಶಕ್ಕೆ 20 ಡಾಲರ್ ಶುಲ್ಕ, 30 ದಿನ ಇರಬಹುದಿತ್ತು. ಕಂಪ್ಯೂಟರಿನಲ್ಲಿ ಹುಡುಕಿದರೆ ಮೊದಲು ಎದುರಾಗುವುದು ಸರ್ಕಾರದ ತಾಣವಲ್ಲ, ಅದರಂತೆಯೇ ವೇಷ ಹಾಕಿದ ಮಧ್ಯವರ್ತಿಗಳ ತಾಣ. ಅದೇ 20 ಡಾಲರಿನ ವೀಸಾಕ್ಕೆ ಮೂರು ನಾಲ್ಕು ಪಟ್ಟು ಕೇಳುತ್ತಾರೆ. ವಿಳಾಸದ ಕೊನೆಯಲ್ಲಿ ‘ಗವ್’ ಎಂಬ ಪದ ಮತ್ತು ಆ ದೇಶದ ಎರಡಕ್ಷರ ಇದೆಯೇ ಎಂದು ನೋಡಿಕೊಳ್ಳಿ. ಅರ್ಜಿಯಲ್ಲಿ ಪಾಸ್‌ಪೋರ್ಟಿನ ಒಂದೊಂದು ಅಕ್ಷರವನ್ನೂ ನಾನು ಟೈಪ್ ಮಾಡಿದೆ, ಅಮ್ಮ ಬೆರಳಿಟ್ಟು ತಾಳೆ ನೋಡಿದರು. ಅವರಿಗೆ ಇಂಗ್ಲಿಷ್ ಬಾರದು; ಆದರೆ ಎರಡು ಆಕಾರಗಳು ಒಂದೇ ಹೌದೋ ಅಲ್ಲವೋ ಎಂದು ಹೇಳಲು ಇಂಗ್ಲಿಷ್ ಬರಬೇಕಿಲ್ಲ.

ವಿಮಾನದ ಕೌಂಟರಿನಲ್ಲಿ ಮರುಪ್ರಯಾಣದ ಟಿಕೆಟ್ ಮತ್ತು ವಸತಿಯ ಮುಂಗಡ ಪತ್ರ ಕೇಳಿದರು. ಎರಡನ್ನೂ ಮುದ್ರಿಸಿ ಇಟ್ಟುಕೊಂಡಿದ್ದೆವು. ಫೋನಿನಲ್ಲಿದೆ ಎಂದರೆ ಸಾಲದು. ಬ್ಯಾಟರಿ ಕೈಕೊಡುವುದು ಇಂಥ ಕಡೆಯಲ್ಲೇ. ಎಲ್ಲದರ ಪ್ರತಿ ಒಂದು ನನ್ನ ಚೀಲದಲ್ಲಿ, ಒಂದು ಅಮ್ಮನ ಚೀಲದಲ್ಲಿ, ಒಂದು ಊರಿನಲ್ಲಿ ತಮ್ಮನ ಬಳಿ. ತಾಷ್ಕೆಂಟಿನ ಭಾರತೀಯ ರಾಯಭಾರ ಕಚೇರಿಯ ಫೋನ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಅಮ್ಮನ ಬುರ್ಖಾದ ಒಳಜೇಬಿನಲ್ಲಿ ಇಟ್ಟಿದ್ದೆ.

ದೆಹಲಿಯ ಆ ಸಾಲಿನಲ್ಲಿ ಕಂಡ ಒಂದು ಸಂಗತಿಯನ್ನು ಹೇಳಲೇಬೇಕು. ನಮ್ಮ ಮುಂದೆ ಏಳೆಂಟು ಹುಡುಗರು ನಿಂತಿದ್ದರು, ಎಲ್ಲರಿಗೂ ಇಪ್ಪತ್ತರ ಆಸುಪಾಸು. ತಾಷ್ಕೆಂಟಿನಲ್ಲಿ ಇಳಿದು ಅಲ್ಲಿಂದ ಬೇರೆ ವಿಮಾನ ಹಿಡಿಯುವವರು. ಅವರ ಪಾಸ್‌ಪೋರ್ಟುಗಳೆಲ್ಲ ಒಬ್ಬನ ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟಾಗಿದ್ದವು. ಒಬ್ಬ ಹುಡುಗ ನನ್ನತ್ತ ತಿರುಗಿ ಉರ್ದುವಿನಲ್ಲಿ, “ಸರ್, ಇದರಲ್ಲಿ ಏನು ಬರೆದಿದೆ?” ಎಂದು ಒಂದು ಕಾಗದ ತೋರಿಸಿದ. ಅದು ರಷ್ಯನ್ ಭಾಷೆಯಲ್ಲಿತ್ತು. ಯಾವ ಊರಿಗೆ ಹೋಗುತ್ತಿದ್ದೀಯಪ್ಪಾ ಎಂದೆ. “ಅಲ್ಲಿ ಇಳಿದ ಮೇಲೆ ಹೇಳ್ತಾರಂತೆ” ಎಂದ. ಅಷ್ಟರಲ್ಲಿ ಕಟ್ಟು ಹಿಡಿದವನು ಅವನನ್ನು ಮುಂದಕ್ಕೆ ಕರೆದುಕೊಂಡ.

ನಾವು ಮರಳಿ ಬಂದು ನಾಲ್ಕು ತಿಂಗಳಾಗಿತ್ತು. 2024ರ ಫೆಬ್ರವರಿಯಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿಯನ್ನು ನೀವೂ ಓದಿದ್ದೀರಿ. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಯುವಕರು ಏಜೆಂಟರ ಮಾತು ನಂಬಿ ಭದ್ರತಾ ಸಿಬ್ಬಂದಿ, ಸಹಾಯಕರ ಕೆಲಸವೆಂದು ರಷ್ಯಾಕ್ಕೆ ಹೋಗಿ, ತಮಗೆ ಓದಲು ಬಾರದ ಭಾಷೆಯ ಒಪ್ಪಂದಕ್ಕೆ ಸಹಿ ಹಾಕಿ, ಯುಕ್ರೇನ್ ಯುದ್ಧದ ಅಂಚಿಗೆ ತಳ್ಳಲ್ಪಟ್ಟಿದ್ದರು. ಅವರು ಮನೆಗೆ ಮರಳಿದ್ದು 2024ರ ಸೆಪ್ಟೆಂಬರಿನಲ್ಲಿ. ದೆಹಲಿಯಲ್ಲಿ ನಾನು ಕಂಡ ಹುಡುಗ ಬೇರೆ, ಇವರು ಬೇರೆ. ಆದರೆ ಆ ರಬ್ಬರ್ ಬ್ಯಾಂಡ್ ನನ್ನ ಕಣ್ಣಿಗೆ ಕಟ್ಟಿದಂತಿದೆ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಪಾಸ್‌ಪೋರ್ಟ್ ಎಂಬುದು ಯಾವತ್ತೂ ಭಾರತ ಸರ್ಕಾರದ ಸ್ವತ್ತು. ಅದನ್ನು ಕಸಿದಿಟ್ಟುಕೊಳ್ಳುವ ಹಕ್ಕು ಏಜೆಂಟನಿಗೂ ಇಲ್ಲ, ಮಾಲೀಕನಿಗೂ ಇಲ್ಲ. ಕೆಲಸಕ್ಕೆ ಕಳಿಸುವ ಏಜೆಂಟರು ನೋಂದಾಯಿತರೇ ಎಂದು ಇ-ಮೈಗ್ರೇಟ್ ಎಂಬ ಸರ್ಕಾರಿ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. 1983ರ ವಲಸೆ ಕಾಯ್ದೆಯ ಕೆಳಗಿನ ನಿಯಮದಂತೆ ಅವರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಮೂರು ಲಕ್ಷ ಕೊಟ್ಟು ಹೋದವರು ನಮ್ಮ ಗಲ್ಲಿಯಲ್ಲೇ ಇದ್ದಾರೆ.

ಇನ್ನು ಪ್ರವಾಸಕ್ಕೆ ಬರೋಣ. ದೆಹಲಿಯಿಂದ ತಾಷ್ಕೆಂಟಿಗೆ ಸುಮಾರು ಮೂರು ಗಂಟೆ. ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ಇಟ್ಟರೆ ಸಾಕು. ಅಲ್ಲಿನ ಹಣ ಸೋಮ್. ನಾವು ಹೋದಾಗ ಒಂದು ರೂಪಾಯಿಗೆ ಸುಮಾರು 140 ಸೋಮ್ ಇತ್ತು. ಹಾಗಾಗಿ 100 ಡಾಲರ್ ಬದಲಿಸಿದ ಕೂಡಲೇ ಅಮ್ಮ ಹತ್ತು ಲಕ್ಷಕ್ಕೂ ಮಿಕ್ಕಿದ ಒಡತಿಯಾದರು. ಹಿಂದೆ ಅಲ್ಲಿ ಕಾಳಸಂತೆಯ ದರ ಒಂದು, ಬ್ಯಾಂಕಿನ ದರ ಒಂದು ಇರುತ್ತಿತ್ತು. 2017ರ ಸೆಪ್ಟೆಂಬರಿನ ಸುಧಾರಣೆಯ ನಂತರ ಅದು ನಿಂತಿತು. ಬ್ಯಾಂಕಿನಲ್ಲೇ ಬದಲಿಸಿ, ರಸೀದಿ ಇಟ್ಟುಕೊಳ್ಳಿ. ನಮ್ಮ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ನಗದು ಒಯ್ಯಬಹುದು. ನಾವು ಒಯ್ದಿದ್ದು 500, ಉಳಿದದ್ದು ಕಾರ್ಡಿನಲ್ಲಿ. ಕಾರ್ಡ್ ಉಜ್ಜುವಾಗ ಯಂತ್ರವು ರೂಪಾಯಿಯಲ್ಲಿ ಕಡಿಯಲೇ, ಸೋಮ್‌ನಲ್ಲಿ ಕಡಿಯಲೇ ಎಂದು ಕೇಳುತ್ತದೆ. ರೂಪಾಯಿ ಎಂದು ಕಂಡ ಕೂಡಲೇ ನಮ್ಮವರು ಅದನ್ನೇ ಒತ್ತುತ್ತಾರೆ. ಒತ್ತಬೇಡಿ. ಅಲ್ಲಿನ ಹಣವನ್ನೇ ಆರಿಸಿ, ಇಲ್ಲವಾದರೆ ಯಂತ್ರದವರು ತಮ್ಮದೇ ದರ ಹಾಕಿಕೊಳ್ಳುತ್ತಾರೆ.

ಔಷಧಿಯ ವಿಷಯದಲ್ಲಿ ಆ ದೇಶ ಕಟ್ಟುನಿಟ್ಟು. ಕೆಲವು ನೋವಿನ ಮಾತ್ರೆ, ನಿದ್ರೆ ಮಾತ್ರೆಗಳನ್ನು ಒಯ್ದರೆ ಕಸ್ಟಮ್ಸ್‌ನಲ್ಲಿ ಹಿಡಿಯುತ್ತಾರೆ. ಅಮ್ಮನ ಬಿಪಿ, ಶುಗರ್ ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಮೂಲ ಪಟ್ಟಿಯಲ್ಲೇ ಇಟ್ಟು, ಡಾಕ್ಟರರ ಚೀಟಿಯ ಜೊತೆ ಕೈಚೀಲದಲ್ಲಿ ಒಯ್ದೆವು. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಆ ಪೆಟ್ಟಿಗೆ ಬೇರೆ ಊರಿಗೆ ಹೋದರೆ ಗತಿಯೇನು? ಇನ್ನೊಂದು ಅಲ್ಲಿನ ನಿಯಮ: ವಿದೇಶಿಯರು ಉಳಿದ ಜಾಗದಲ್ಲಿ ನೋಂದಣಿಯಾಗಬೇಕು. ಹೋಟೆಲಿನವರೇ ಮಾಡಿ ಚೀಟಿ ಕೊಡುತ್ತಾರೆ. ಅದನ್ನು ಕೇಳಿ ಪಡೆದು, ದೇಶ ಬಿಡುವವರೆಗೆ ಜೋಪಾನ ಮಾಡಬೇಕು.

ಭಾಷೆ ಹೇಗೆ ಎಂದು ಕೇಳುವಿರಿ. ಉರ್ದು ಬಲ್ಲವರಿಗೆ ಅದು ಅರ್ಧ ನೆಂಟರ ಮನೆ. ಕಿತೋಬ್, ಮಕ್ತಬ್, ದರ್ಸ್, ದಫ್ತರ್, ದೋಸ್ತ್, ಮೆಹಮೋನ್, ನೋನ್, ಚೊಯ್ – ಯಾವುದು ಅರ್ಥವಾಗದು? ಧನ್ಯವಾದಕ್ಕೆ ‘ರಹಮತ್’ ಎನ್ನುತ್ತಾರೆ. ಅಂಗಡಿಯವರು ಬೊಜೋರ್, ದುಕೋನ್, ಕೊಗೋಜ್ ಎಂದಾಗ ಬಜಾರು, ದುಕಾನು, ಕಾಗದ ಎನ್ನುವ ಕನ್ನಡ ಮಾತ್ರ ಬಲ್ಲವರಿಗೂ ತಿಳಿಯುತ್ತದೆ. ಆದರೆ ನೆಂಟರ ಮನೆಯಲ್ಲೇ ಜಾರಿ ಬೀಳುವುದು ಹೆಚ್ಚು. ‘ಸಬ್ಜಿ’ ಎಂದರೆ ಅಲ್ಲಿ ತರಕಾರಿಯಲ್ಲ, ಗಜ್ಜರಿ! ಅಮ್ಮ ಸಬ್ಜಿ ಕೇಳಿದ ಕಡೆಯಲ್ಲೆಲ್ಲ ಗಜ್ಜರಿ ಬಂತು. ‘ಕಿಮ್ಮತ್’ ಎಂದರೆ ಬೆಲೆಯಲ್ಲ, ದುಬಾರಿ. ಅಣ್ಣನಿಗೆ ‘ಅಕಾ’ ಎನ್ನುತ್ತಾರೆ. ಮೀಸೆ ಹೊತ್ತ ಟ್ಯಾಕ್ಸಿ ಚಾಲಕನನ್ನು ‘ಅಕಾ’ ಎಂದು ಕರೆಯುವಾಗ ಕನ್ನಡ ಮೇಷ್ಟರಾದ ನನಗೆ ನಗು ತಡೆಯಲು ಕಷ್ಟವಾಯಿತು. ಅಂಕಿಗಳು ಮಾತ್ರ ನಮ್ಮದಕ್ಕೆ ಸಂಬಂಧವೇ ಇಲ್ಲ: ಬಿರ್, ಇಕ್ಕಿ, ಉಚ್, ತೋರ್ತ್, ಬೆಶ್... ನೂರಕ್ಕೆ ಯುಜ್, ಸಾವಿರಕ್ಕೆ ಮಿಂಗ್. ಎಲ್ಲಿಗೇ ಹೋಗಿ, ಹೊರಡುವ ಮುನ್ನ ಆ ಭಾಷೆಯ ಅಂಕಿಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ. ಸಂತೆಯಲ್ಲಿ ಮರ್ಯಾದೆ ಉಳಿಸುವುದು ಸಲಾಮಿಗಿಂತ ಅಂಕಿಯೇ.

ತಾಷ್ಕೆಂಟಿನಲ್ಲಿ ಎರಡು ದಿನ ಇದ್ದೆವು. 1977ರಲ್ಲಿ ಆರಂಭವಾದ ಮೆಟ್ರೋ ಮಧ್ಯ ಏಷ್ಯಾದಲ್ಲೇ ಮೊದಲನೆಯದು. ಒಂದೊಂದು ನಿಲ್ದಾಣವೂ ಅರಮನೆಯ ಹಜಾರದಂತೆ. 2018ರವರೆಗೆ ಅಲ್ಲಿ ಫೋಟೋ ತೆಗೆಯಲು ಬಿಡುತ್ತಿರಲಿಲ್ಲ. ಹಜರತ್ ಇಮಾಮ್ ಸಂಕೀರ್ಣದಲ್ಲಿ ಖಲೀಫಾ ಉಸ್ಮಾನರ ಹೆಸರಿನ ಪ್ರಾಚೀನ ಕುರ್‌ಆನ್ ಹಸ್ತಪ್ರತಿಯನ್ನು ಗಾಜಿನ ಹಿಂದೆ ನೋಡಿದೆವು. 1997ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಸ್ಮೃತಿಯ ಪಟ್ಟಿಗೆ ಸೇರಿಸಿದೆ. ಅಮ್ಮ ಅದರ ಮುಂದಿನಿಂದ ಬಹಳ ಹೊತ್ತು ಕದಲಲಿಲ್ಲ. ಸಂಜೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಪ್ರತಿಮೆ ನೋಡಲು ಹೋದೆವು. 1966ರ ಜನವರಿ 10ರಂದು ಒಪ್ಪಂದಕ್ಕೆ ಸಹಿ ಹಾಕಿ, ಮರುದಿನವೇ ಅವರು ತೀರಿಕೊಂಡದ್ದು ಈ ನಗರದಲ್ಲೇ ಅಲ್ಲವೇ. ಅವರ ಹೆಸರಿನ ರಸ್ತೆಯೂ ಅಲ್ಲಿದೆ.

ಸಮರ್ಕಂದಿಗೆ ಹೋಗುವ ವೇಗದ ರೈಲಿನ ಹೆಸರು ‘ಅಫ್ರೋಸಿಯೋಬ್’. ಶಾಹನಾಮಾದ ಅಫ್ರಾಸಿಯಾಬ್ ದೊರೆಯನ್ನು ಉರ್ದು ಬಲ್ಲವರು ಮರೆತಿರಲಾರರು. ಹಳೆಯ ಸಮರ್ಕಂದಿನ ದಿಬ್ಬಕ್ಕೂ ಅದೇ ಹೆಸರು. 2011ರಲ್ಲಿ ಶುರುವಾದ ಸ್ಪೇನ್ ದೇಶದ ಬಂಡಿ. 344 ಕಿಲೋಮೀಟರ್ ದೂರವನ್ನು ಎರಡು ಗಂಟೆ ಚಿಲ್ಲರೆಯಲ್ಲಿ ಮುಟ್ಟಿಸುತ್ತದೆ. ಟಿಕೆಟ್ ಬೇಗ ಖಾಲಿಯಾಗುವುದರಿಂದ ಊರಿನಿಂದಲೇ ಆನ್‌ಲೈನ್‌ನಲ್ಲಿ ತೆಗೆದಿದ್ದೆ. ತಾಷ್ಕೆಂಟಿನಲ್ಲಿ ಎರಡು ನಿಲ್ದಾಣಗಳಿವೆ, ಉತ್ತರ ಮತ್ತು ದಕ್ಷಿಣ. ಟಿಕೆಟ್ಟಿನಲ್ಲಿ ಯಾವುದೆಂದು ಓದದೆ ಟ್ಯಾಕ್ಸಿ ಹತ್ತಬಾರದು. ನಿಲ್ದಾಣದ ಬಾಗಿಲಲ್ಲೇ ಪಾಸ್‌ಪೋರ್ಟ್ ಮತ್ತು ಟಿಕೆಟ್ ಹೆಸರು ತಾಳೆ ನೋಡುತ್ತಾರೆ. ಐದು ತಿಂಗಳ ‘ಬೀ’ ಮತ್ತು ‘ಬೇಗಂ’ ಪರದಾಟ ಅಲ್ಲಿ ಸಾರ್ಥಕವಾಯಿತು.

ರೇಗಿಸ್ತಾನ್ ಚೌಕದಲ್ಲಿ ಮೂರು ಮದ್ರಸಾಗಳು ಎದುರುಬದುರಾಗಿ ನಿಂತಿವೆ. ಹಳೆಯದು ಉಲುಗ್ ಬೇಗ್ ಕಟ್ಟಿಸಿದ್ದು, 1417ರಿಂದ 1420. ಅಂದರೆ ನಮ್ಮ ಬೀದರ್‌ನದಕ್ಕಿಂತ ಅರ್ಧ ಶತಮಾನ ಹಿರಿಯದು. ಅದೇ ಎತ್ತರದ ಕಮಾನು, ಅದೇ ನೀಲಿ, ಮೂಲೆಯಲ್ಲಿ ಅದೇ ಬಗೆಯ ಮೀನಾರು. ಅಮ್ಮ ಕಣ್ಣರಳಿಸಿ, “ಅರೆ, ಇದು ನಮ್ಮದೇ!” ಎಂದರು. ಸ್ವಲ್ಪ ಹೊತ್ತು ನೋಡಿ, “ಆದರೆ ಇದು ಬಹಳ ಹೊಸದಾಗಿದೆ” ಎಂದರು. ಅವರ ಮಾತು ಸರಿ. ನೂರು ವರ್ಷದ ಹಿಂದಿನ ಚಿತ್ರಗಳಲ್ಲಿ ಹೆಂಚು ಉದುರಿ, ಮೀನಾರು ವಾಲಿದ ಕಟ್ಟಡ ಕಾಣುತ್ತದೆ. ಈಗ ಹೊಳೆಯುವುದರಲ್ಲಿ ಬಹುಪಾಲು ಸೋವಿಯತ್ ಕಾಲದಿಂದ ಈಚೆಗೆ ದುರಸ್ತಿ ಮಾಡಿದ್ದು. ವಿದ್ಯಾರ್ಥಿಗಳಿದ್ದ ಕೋಣೆಗಳಲ್ಲಿ ಕರಕುಶಲ ವಸ್ತುಗಳ ಅಂಗಡಿಗಳಿವೆ. 1696ರ ಸಿಡಿಮದ್ದಿನ ಸ್ಫೋಟದಲ್ಲಿ ಅರ್ಧ ಉರುಳಿದ ನಮ್ಮ ಮದ್ರಸಾ ತನ್ನ ಗಾಯವನ್ನು ತೋರಿಸಿಕೊಂಡೇ ನಿಂತಿದೆ. ಮೊದಲಿಗಿಂತ ಅದು ನನಗೆ ಈಗ ಹೆಚ್ಚು ಇಷ್ಟ.

ಆದರೆ ಉಲುಗ್ ಬೇಗರ ವಿಷಯದಲ್ಲಿ ಬೇರೆ ಮಾತಿಲ್ಲ. ತೈಮೂರನ ಮೊಮ್ಮಗ, ದೊರೆ, ಆದರೂ ಗಣಿತದ ಮೇಷ್ಟ್ರು. ಊರಹೊರಗಿನ ಗುಡ್ಡದಲ್ಲಿ ಅವರು ಕಟ್ಟಿಸಿದ ವೀಕ್ಷಣಾಲಯದ ಕೋನಮಾಪಕದ ತ್ರಿಜ್ಯ ಸುಮಾರು 40 ಮೀಟರ್. 1437ರ ಅವರ ಪಟ್ಟಿಯಲ್ಲಿ 1,018 ನಕ್ಷತ್ರಗಳಿವೆ. ದೂರದರ್ಶಕ ಹುಟ್ಟುವ ಮೊದಲು, ಬರಿಗಣ್ಣಿನಿಂದ! ಅವರ ಜೊತೆಗಿದ್ದ ಜಂಶೀದ್ ಅಲ್-ಕಾಶಿ 1424ರಲ್ಲಿ ಪೈ ಬೆಲೆಯನ್ನು 16 ದಶಮಾಂಶ ಸ್ಥಾನಗಳವರೆಗೆ ಕಂಡುಹಿಡಿದರು. 1449ರಲ್ಲಿ ಉಲುಗ್ ಬೇಗರ ಕೊಲೆಯಾಯಿತು, ವೀಕ್ಷಣಾಲಯ ಮಣ್ಣಾಯಿತು. 1908ರಲ್ಲಿ ರಷ್ಯಾದ ವ್ಯಾಟ್ಕಿನ್ ಎಂಬುವರು ಹುಡುಕಿ ತೆಗೆದದ್ದು ನೆಲದೊಳಗೆ ಉಳಿದಿದ್ದ ಕಲ್ಲಿನ ಕಮಾನಿನ ತುಂಡನ್ನು. ಬಗ್ಗಿ ನೋಡಿದರೆ ಈಗಲೂ ಕಾಣುತ್ತದೆ. ಜೈಪುರದ ಸವಾಯಿ ಜಯಸಿಂಹರು ಮುನ್ನೂರು ವರ್ಷದ ನಂತರ ತಮ್ಮ ಕೋಷ್ಟಕಕ್ಕೆ ಆಧಾರ ಮಾಡಿಕೊಂಡದ್ದು ಇವರ ಲೆಕ್ಕವನ್ನೇ. ವಿಜ್ಞಾನದ ಶಿಕ್ಷಕರು ಇಲ್ಲಿದ್ದರೆ ಇದನ್ನು ತರಗತಿಗೆ ಒಯ್ಯಲಿ.

ಶಾಹೀ ಜಿಂದಾ ಎಂಬ ಸಮಾಧಿಗಳ ಬೀದಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮೆಟ್ಟಿಲೇರಿ ಸುಸ್ತಾಗಿ ಅಮ್ಮ ಒಂದು ಕಟ್ಟೆಯ ಮೇಲೆ ಕುಳಿತು, ಎದುರಿನ ಗೋಡೆಯ ಬರಹವನ್ನು ತಮ್ಮಷ್ಟಕ್ಕೆ ಓದಿಕೊಳ್ಳುತ್ತಿದ್ದರು. ಒಂದು ಶಾಲೆಯ ಮಕ್ಕಳು ಶಿಕ್ಷಕಿಯ ಜೊತೆ ಬಂದಿದ್ದರು. ಆ ಶಿಕ್ಷಕಿ ನಿಂತು ಕೇಳಿ, ಫೋನಿನ ಅನುವಾದ ಯಂತ್ರ ತೆರೆದು, “ಇವರಿಗೆ ಇದನ್ನು ಓದಲು ಬರುತ್ತದೆಯೇ?” ಎಂದು ನನ್ನನ್ನು ಕೇಳಿದರು. ನನಗೆ ಆಶ್ಚರ್ಯವಾಯಿತು. ಆಮೇಲೆ ತಿಳಿಯಿತು: ಆ ದೇಶದಲ್ಲಿ 1920ರ ದಶಕದ ಕೊನೆಯಲ್ಲಿ ಅರಬ್ಬಿ ಲಿಪಿ ತೆಗೆದು ಲ್ಯಾಟಿನ್ ತಂದರು, 1940ರಲ್ಲಿ ಲ್ಯಾಟಿನ್ ತೆಗೆದು ರಷ್ಯನ್ ಲಿಪಿ ತಂದರು, ಸ್ವತಂತ್ರವಾದ ಮೇಲೆ ಮತ್ತೆ ಲ್ಯಾಟಿನ್. ತಮ್ಮ ಅಜ್ಜ ಮುತ್ತಜ್ಜಂದಿರ ಗೋಡೆಯನ್ನು ತಾವೇ ಓದಲಾರದ ಮಕ್ಕಳು ಅವರು. ಶಿಕ್ಷಕಿ ಕೇಳಿಕೊಂಡಂತೆ ಅಮ್ಮ ಎದ್ದು ನಿಂತು, ಬೆರಳಿನಿಂದ ಗಾಳಿಯಲ್ಲಿ ತೋರಿಸುತ್ತ, ಅಲಿಫ್, ಲಾಮ್, ಮೀಮ್ ಎಂದು ಒಂದೊಂದು ಅಕ್ಷರ ಬಿಡಿಸಿ ಓದಿದರು. ಎಲ್ಲ ಬರಹವೂ ಅವರಿಗೆ ಬಿಡಲಿಲ್ಲ. ಚೌಕಾಕಾರದ ಕೂಫಿ ಲಿಪಿ ನನಗೂ ಬಿಡಲಿಲ್ಲ. ಆದರೆ ಇಪ್ಪತ್ತೈದು ಮಕ್ಕಳು ಅವರ ಹಿಂದೆ ಹಿಂದೆಯೇ ಉಚ್ಚರಿಸಿದರು. ಕೊನೆಗೆ ಶಿಕ್ಷಕಿ ಎದೆಯ ಮೇಲೆ ಕೈಯಿಟ್ಟು ‘ರಹಮತ್, ಒಪಾ’ ಎಂದರು. ಒಪಾ ಎಂದರೆ ಅಕ್ಕ, ನಮ್ಮ ಆಪಾ.

ನನ್ನ ತಾಯಿ ಬೀದರ್‌ನ ಯಾವ ಕಚೇರಿಗೆ ಹೋದರೂ ಮೊದಲು ಹೇಳುವ ಮಾತು “ನಾನು ಅನ್‌ಪಡ್, ನನಗೇನೂ ಬಾರದು” ಎಂಬುದು. ಆ ರಾತ್ರಿ ಹೋಟೆಲಿನಲ್ಲಿ ಅವರು ತಮ್ಮನಿಗೆ ಫೋನ್ ಮಾಡಿ, ತಾವು ಪಾಠ ಮಾಡಿದ್ದನ್ನು ಮೂರು ಸಲ ಹೇಳಿದರು.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪಲಾವ್ ಅಲ್ಲಿನ ಜೀವ, ಖಾರವೆಂಬುದು ಇಲ್ಲ, ಉಪ್ಪಿನಕಾಯಿ ಒಯ್ಯಿರಿ. ಪಲಾವಿನ ಮೇಲೆ ಹಚ್ಚುವ ‘ಕಜಿ’ ಕುದುರೆ ಮಾಂಸದ್ದು, ಬೇಡವಾದರೆ ಮೊದಲೇ ಹೇಳಬೇಕು. ರೊಟ್ಟಿಯನ್ನು ಬೋರಲಾಗಿ ಇಡುವುದು ಅಲ್ಲಿ ಅಗೌರವ. ಚಹಾವನ್ನು ಬಟ್ಟಲಿನ ಅರ್ಧಕ್ಕೆ ಮಾತ್ರ ಸುರಿದರೆ ಬೇಸರ ಬೇಡ. ಮತ್ತೆ ಮತ್ತೆ ಸುರಿಯುವ ನೆಪಕ್ಕಾಗಿ ಹಾಗೆ ಮಾಡುತ್ತಾರೆ. ನಲ್ಲಿಯ ನೀರು ಕುಡಿಯಬೇಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದರಿಂದ ನಮ್ಮ ದಸರಾ ರಜೆಯೇ ಸರಿಯಾದ ಕಾಲ.

ಬುಖಾರಾದಲ್ಲಿ 1127ರ ಕಲ್ಯಾನ್ ಮೀನಾರು, ಲಬೀ ಹೌಜ್ ಎಂಬ ಕೊಳ, ಅದರ ದಡದ ಹಿಪ್ಪುನೇರಳೆ ಮರಗಳು. ಅಲ್ಲಿ ಎರಡು ದಿನ ಏನೂ ಮಾಡದೆ ಕುಳಿತೆವು. ಏಜೆಂಟರ ಪಟ್ಟಿಯಲ್ಲಿ ಇಲ್ಲದ ಊರು ಅದೇ ಎಂದು ಆಗಲೇ ಹೇಳಿದೆ.

ಸಮಯವಾಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನನ್ನ ಖರ್ಚಿನ ಪುಸ್ತಕ, ಅರ್ಜಿಗಳ ನಕಲು ಪ್ರತಿ ಎಲ್ಲವನ್ನೂ ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇನೆ, ಬೇಕಾದವರು ಬರೆದುಕೊಳ್ಳಿ. ಸಂಘದ ಅನುಮತಿಯೊಂದಿಗೆ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನು ಮತ್ತು ಇಬ್ಬರು ಸಹೋದ್ಯೋಗಿಗಳು ನಮ್ಮ ಶಾಲೆಯಲ್ಲಿ ಕುಳಿತಿರುತ್ತೇವೆ. ಹೆಸರು ಕೂಡದ ಕಾಗದಗಳಿದ್ದರೆ, ಯಾವುದನ್ನೂ ಬಿಡದೆ, ಒಂದೇ ಚೀಲದಲ್ಲಿ ಹಾಕಿಕೊಂಡು ಬನ್ನಿ. ಕೆಲಸಕ್ಕೆ ಹೊರಟವರು ಸಹಿ ಹಾಕುವ ಮೊದಲು ಒಪ್ಪಂದದ ಪ್ರತಿ ತನ್ನಿ. ಸೌದಿಯಲ್ಲಿದ್ದು ಬಂದ ಹಿರಿಯರೊಬ್ಬರು ಅರಬ್ಬಿಯನ್ನು ಓದಿ ಹೇಳಲು ಒಪ್ಪಿದ್ದಾರೆ. ಉರ್ದು ಮಾತ್ರ ಬಲ್ಲ ತಾಯಂದಿರ ಅರ್ಜಿಗಳನ್ನು ಅಮ್ಮ ನೋಡಿಕೊಳ್ಳುತ್ತಾರೆ.